ಕರಡಿ ಮಲಗಿದ್ದಾಗ ನೀರು ಏರಿಸಿದವರು

ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮೂರ ಮೇಯರ್ ಡಾರ್ಲೀನ್ ಸ್ವೇನ್ ಅವರೇ, ಈ ದಿನದ ಸನ್ಮಾನಿತರೂ ಕಾಲುವೆ ಮಂಡಳಿಯ ಅಧ್ಯಕ್ಷರೂ ಆದ ಕಾರ್ಲ್ಟನ್ ಹಾಲ್‌ಸ್ಟೆಡ್ ಅವರೇ, ದೀರ್ಘವಾಗಿ ಪ್ರಾರ್ಥಿಸಿ ನಮ್ಮೆಲ್ಲರ ಹಸಿವನ್ನು ಹೆಚ್ಚಿಸಿದ ಪಾದ್ರಿಗಳೇ, ರಾಜಧಾನಿಯಿಂದ ಬಂದಿರುವ ಅತಿಥಿಗಳೇ, ಕರಡಿ ಹಬ್ಬಕ್ಕೆಂದು ತಲೆಗೆ ಬಟ್ಟೆಯ ಕರಡಿ ಕಿವಿ ಸಿಕ್ಕಿಸಿಕೊಂಡು ಕುಳಿತಿರುವ ನಮ್ಮೂರು ಗಮ್ ಲ್ಯಾಂಡಿಂಗಿನ ಸಭಿಕರೇ,

ಕಳೆದ ಫೆಬ್ರವರಿಯ ಎರಡನೆಯ ವಾರದಲ್ಲಿ ನಮ್ಮ ಜೌಗಿನೊಳಗೆ ಮಲಗಿದ್ದ ಒಂದು ತಾಯಿ ಕರಡಿಯ ಹಾಸಿಗೆಗೆ ನೀರು ನುಗ್ಗಿಸಿ, ಇನ್ನೂ ಕಣ್ಣು ಬಿಡದಿದ್ದ ಎರಡು ಮರಿಗಳನ್ನು ಮುಳುಗಿಸಿ ಕೊಲ್ಲಲಾಯಿತು. ಮೂರನೆಯದು ಉಳಿಯಿತು. ಉಳಿದ ಆ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿದರೆಂದು ಈ ದಿನ ನಾವು ಕಾರ್ಲ್ಟನ್ ಅವರಿಗೆ 'ಕರಡಿ ಬಂಧು' ಎಂಬ ಬಿರುದನ್ನು ಕೊಡುತ್ತಿದ್ದೇವೆ. ಅಭಿನಂದನೆಯ ಮಾತನಾಡಲು ನನ್ನನ್ನು ಕರೆದಿದ್ದೀರಿ. ಯಾವುದಕ್ಕಾಗಿ ಅಭಿನಂದಿಸುತ್ತಿದ್ದೇವೆ ಎಂಬುದನ್ನು ಮೊದಲು ಸ್ಪಷ್ಟಪಡಿಸುವುದು ಭಾಷಣಕಾರರ ಕರ್ತವ್ಯ. ಅದನ್ನು ಮಾಡಿದ್ದೇನೆ. ಇನ್ನು ಮುಂದುವರಿಯುತ್ತೇನೆ.

ಮೇಯರ್ ಅವರು ನನ್ನ ಕಡೆ ನೋಡುತ್ತಿದ್ದಾರೆ. ಗಾಬರಿಯಾಗಬೇಡಿ, ಡಾರ್ಲೀನ್. ನಿಮ್ಮನ್ನು ನಾನು ದೂರುವುದಿಲ್ಲ. ಫೋನಿನಲ್ಲಿ ನೀವು ಬಹಳ ವಿನಯದಿಂದಲೇ ಕೇಳಿದಿರಿ. "ಮಿಸ್ ಲೂವೀನಿಯಾ, ಎರಡು ಒಳ್ಳೆ ಮಾತು ಹೇಳಿದ್ರೆ ಸಾಕು. ಕಾರ್ಲ್ಟನ್ ನಿಮ್ಮ ಕ್ಲಾಸಲ್ಲೇ ಓದಿದ್ದಲ್ವಾ?" ಎಂದಿರಿ. "ಓದಿದ್ದಲ್ಲಮ್ಮ, ಕೂತಿದ್ದ" ಎಂದೆ ನಾನು. ನೀವು ನಕ್ಕಿರಿ, ನಾನೂ ನಕ್ಕೆ. ನಗುವವರು ಒಪ್ಪಿಕೊಂಡರು ಎಂದುಕೊಳ್ಳುವುದು ನಮ್ಮೂರಿನ ರೂಢಿ. ನಾನು ಒಪ್ಪಿಕೊಂಡೆ ಎಂದು ನೀವೂ ಅಂದುಕೊಂಡಿರಿ.

ನಾನು ಈ ಊರಿನ ಶಾಲೆಯಲ್ಲಿ ವಿಜ್ಞಾನ ಕಲಿಸಿದವಳು. ಈ ಸಭೆಯ ಅರ್ಧದಷ್ಟು ಜನ ನನ್ನ ಮುಂದೆ ಬೆಂಚಿನ ಮೇಲೆ ಕುಳಿತವರೇ. ನಮ್ಮ ಜೌಗಿನ ಕಪ್ಪು ಕರಡಿಯ ಪಾಠವನ್ನು ಪ್ರತಿ ವರ್ಷವೂ ಮಾಡಿದ್ದೇನೆ; ಪ್ರತಿ ವರ್ಷವೂ ಒಂದೇ ಪ್ರಶ್ನೆ ಕೇಳಿದ್ದೇನೆ: ಚಳಿಗಾಲದಲ್ಲಿ ನಮ್ಮ ಕರಡಿ ಎಲ್ಲಿ ಮಲಗುತ್ತದೆ? ಪ್ರತಿ ವರ್ಷವೂ ಒಂದೇ ಉತ್ತರ ಬಂದಿದೆ: ಮರದ ಪೊಟರೆಯಲ್ಲಿ. ಏಕೆ ಹಾಗೆ? ನಮ್ಮೂರಿನ ಲಾಂಛನದಲ್ಲಿ ಹಾಗಿದೆ. ನೀರಿನ ನಡುವೆ ಒಂದು ಭಾರಿ ಸೈಪ್ರೆಸ್ ಮರ, ಅದರ ಪೊಟರೆಯಿಂದ ಇಣುಕುವ ಕರಡಿ. ಪುರಸಭೆಯ ಬಾಗಿಲ ಮೇಲೆ, ಅಗ್ನಿಶಾಮಕ ವಾಹನದ ಮೇಲೆ, ನೀರಿನ ತೊಟ್ಟಿಯ ಮೇಲೆ, ಕಸದ ಡಬ್ಬಿಯ ಮೇಲೆ ಕೂಡ ಅದೇ ಚಿತ್ರ. ಕಣ್ಣು ಹೋದಲ್ಲೆಲ್ಲ ಅದೇ ಇದ್ದರೆ ಟೀಚರಮ್ಮನ ಮಾತು ಯಾರಿಗೆ ಬೇಕು?

ಚಿತ್ರ ಸುಳ್ಳೆಂದು ನಾನು ಹೇಳುವುದಿಲ್ಲ. ಒಂದು ಕಾಲದಲ್ಲಿ ಅದು ನಿಜವಾಗಿತ್ತು. ಆರು ಜನ ಕೈ ಕೈ ಹಿಡಿದು ತಬ್ಬಿದರೂ ಸಾಲದಂಥ ಸೈಪ್ರೆಸ್ ಮರಗಳು ಇಲ್ಲಿದ್ದವು. ಅವುಗಳ ಒಡಲು ಟೊಳ್ಳಾಗಿ, ನೆಲದಿಂದ ಬಹಳ ಎತ್ತರದಲ್ಲಿ ಕರಡಿಗಳು ಬೆಚ್ಚಗೆ ಮಲಗುತ್ತಿದ್ದವು. ಆ ಮರಗಳನ್ನು ಕಡಿಸಿ, ಹಲಗೆ ಮಾಡಿಸಿ, ಹಡಗಿಗೆ ಏರಿಸಿದ ಮಹನೀಯರು ಯಾರು ಎಂದು ಹೇಳುವ ಅಗತ್ಯವಿದೆಯೇ? ಅವರ ತೈಲಚಿತ್ರ ನನ್ನ ಬೆನ್ನ ಹಿಂದೆಯೇ ಇದೆ. ನಮ್ಮ ಸನ್ಮಾನಿತರ ಮುತ್ತಜ್ಜ ಅವರು. ಕೊನೆಯ ಪೊಟರೆ ಮರವನ್ನು ಕಡಿಸಿದ ಮೇಲೆ ಅದರ ನೆನಪಿಗಾಗಿ ಲಾಂಛನ ಬರೆಸಿದವರೂ ಅವರೇ. ದೂರದೃಷ್ಟಿ ಎಂದರೆ ಇದು.

ಮರ ಹೋದ ಮೇಲೆ ಕರಡಿ ಏನು ಮಾಡಿತು? ಅರ್ಜಿ ಹಾಕಲಿಲ್ಲ. ನೆಲಕ್ಕೆ ಇಳಿಯಿತು. ಜೌಗಿನೊಳಗೆ ಮನುಷ್ಯ ನುಗ್ಗಲಾರದಂಥ ಗಾಲ್‌ಬೆರಿ ಪೊದೆಗಳ ಮಧ್ಯೆ, ಗಮ್ ಮರದ ಬೇರು ಎದ್ದು ದಿಬ್ಬವಾದ ಕಡೆ, ಸುತ್ತಲಿನ ಗಿಡಗಳನ್ನು ಹಲ್ಲಿನಿಂದ ಕತ್ತರಿಸಿ ತಂದು ಹಾಸಿಕೊಳ್ಳುತ್ತದೆ. ಗೋಡೆಯಿಲ್ಲ, ಸೂರಿಲ್ಲ, ದೊಡ್ಡದೊಂದು ಹಕ್ಕಿಗೂಡಿನ ಹಾಗೆ ಆಕಾಶಕ್ಕೆ ಬಾಯಿ ತೆರೆದ ಹಾಸಿಗೆ. ನಮ್ಮ ಚಳಿ ಕರಡಿಯನ್ನು ಕಟ್ಟಿಹಾಕುವಷ್ಟು ಕಡುಚಳಿಯಲ್ಲ ಎಂದು ನಿಮಗೆ ಗೊತ್ತೇ ಇದೆ, ಗಂಡು ಕರಡಿಗಳು ಆಗಾಗ ಎದ್ದು ಅಡ್ಡಾಡುತ್ತವೆ. ಬಸಿರಿ ಮಾತ್ರ ಏಳುವುದಿಲ್ಲ. ಜನವರಿಯ ಕೊನೆಗೆ ಅಲ್ಲೇ ಹೆರುತ್ತದೆ. ಅಷ್ಟು ದೊಡ್ಡ ಪ್ರಾಣಿಗೆ ಅಳಿಲಿನಷ್ಟು ಮರಿ. ಮೈಮೇಲೆ ಸರಿಯಾಗಿ ಕೂದಲಿಲ್ಲ, ಕಣ್ಣು ತೆರೆದಿರುವುದಿಲ್ಲ. ತಾಯಿ ತನ್ನ ಮೈಯನ್ನೇ ಸೂರಾಗಿ ಮಾಡಿಕೊಂಡು ಮಳೆಯನ್ನು ಬೆನ್ನ ಮೇಲೆ ತೆಗೆದುಕೊಳ್ಳುತ್ತದೆ. ಮೇಲಿನಿಂದ ಬರುವ ನೀರನ್ನು ಅದು ತಡೆಯಬಲ್ಲದು. ಕೆಳಗಿನಿಂದ ಬರುವ ನೀರಿಗೆ ಅದರ ಬಳಿ ಉಪಾಯವಿಲ್ಲ.

ನೆನಪಿಟ್ಟುಕೊಳ್ಳಿ ಎಂದು ನಾನು ಆಗ ಹೇಳುತ್ತಿದ್ದೆ. ಪರೀಕ್ಷೆಗೆ ಬರುತ್ತದೆ ಎಂದೂ ಹೇಳುತ್ತಿದ್ದೆ.

ಕರಡಿ ನಮಗೆ ಏನು ಮಾಡಿದೆ ಎಂದು ರಾಜಧಾನಿಯ ಅತಿಥಿಗಳು ಕೇಳಬಹುದು. ನಮ್ಮ ಮುಸುಕಿನ ಜೋಳ, ಸೋಯಾ, ನೆಲಗಡಲೆ ತಿಂದು ನಮ್ಮ ಹಾಗೆಯೇ ಊದಿದೆ, ನಿಜ. ಆದರೆ ಅದು ಜೌಗಿನ ತೋಟಗಾರ ಕೂಡ. ಶರತ್ಕಾಲದಲ್ಲಿ ಗಮ್ ಮರದ ಹಣ್ಣು, ಗಾಲ್‌ಬೆರಿ ಹಣ್ಣು ತಿಂದು ಮೈಲಿಗಟ್ಟಲೆ ನಡೆದು ಬೀಜ ಬಿತ್ತುತ್ತದೆ. ಅದು ನಡೆದ ದಾರಿಯಲ್ಲೇ ಜಿಂಕೆ, ನರಿ, ಮೊಲ ಓಡಾಡುತ್ತವೆ. ನಮ್ಮ ಜೌಗಿನ ನೆಲ ಮಣ್ಣಲ್ಲ, ಸಾವಿರಾರು ವರ್ಷ ಕೊಳೆತ ಎಲೆಬೇರುಗಳ ಕರಿ ಹಾಸು. ಒದ್ದೆಯಾಗಿದ್ದರೆ ಸ್ಪಂಜು, ಒಣಗಿಸಿದರೆ ಇದ್ದಿಲು. ನಾನು ಹೊಸದಾಗಿ ಕೆಲಸಕ್ಕೆ ಸೇರಿದ ವರ್ಷ ಕಾಲುವೆ ಮಂಡಳಿಯವರು ಅದನ್ನು ಚೆನ್ನಾಗಿ ಬಸಿದು ಒಣಗಿಸಿದರು. ಆಮೇಲೆ ಸಿಡಿಲು ಬಡಿದು ನೆಲವೇ ಹೊತ್ತಿಕೊಂಡಿತು, ಬೇಸಿಗೆಯೆಲ್ಲ ಉರಿದು ಶಾಲೆ ತೆರೆದ ಮೇಲೂ ಆರಲಿಲ್ಲ. ಆಗ ಹೊಗೆ ತಾಳದೆ ಒಂದು ಗಂಡು ಕರಡಿ ನಮ್ಮ ಚರ್ಚಿನ ದೀಕ್ಷಾಸ್ನಾನದ ಕೊಳಕ್ಕೆ ಇಳಿದು ಕತ್ತಿನವರೆಗೂ ಮುಳುಗಿ ಕುಳಿತಿತ್ತು. ಓಡಿಸಲು ಕೋಲು ಹಿಡಿದು ಹೋದವರಿಗೆ ಅಂದಿನ ಪಾದ್ರಿ ಹೇಳಿದ್ದು ನೆನಪಿದೆ: "ಬಿಡ್ರಪ್ಪ, ನಿಮ್ಮಲ್ಲಿ ಅರ್ಧ ಜನ ಇಷ್ಟು ಮನಸ್ಸಿಟ್ಟು ಇಳ್ದಿಲ್ಲ." ಆ ಕರಡಿಗೆ ದಿನವೂ ನೀರು ತುಂಬಿದವನು ನನ್ನ ತಮ್ಮ ಥರ್ಮನ್. ಕರಡಿಯ ಮೇಲಿನ ಪ್ರೀತಿಯಿಂದಲ್ಲ. ಶಾಲೆಗೆ ಹೋಗುವುದು ತಪ್ಪುತ್ತದೆ ಎಂದು.

ನಾನು ಇಲ್ಲಿ ನನ್ನ ತಮ್ಮನ ವಿಷಯ ಮಾತನಾಡಲು ಬಂದಿಲ್ಲ.

ಕಾಲುವೆಯ ವಿಷಯಕ್ಕೆ ಬರುತ್ತೇನೆ. ಹಾಲ್‌ಸ್ಟೆಡ್ ಕಾಲುವೆಯ ಬದಿಯ ಕಲ್ಲಿನ ಮೇಲೆ, ಇದನ್ನು ಎಂಥ ಕಷ್ಟದಲ್ಲಿ ಹಾಲ್‌ಸ್ಟೆಡ್ ತೋಡಿದರು ಎಂದು ಕೆತ್ತಿದ್ದಾರೆ. ಓದಿದವರಿಗೆ ಒಬ್ಬನೇ ಮನುಷ್ಯ ಸೊಂಟದವರೆಗಿನ ಕೆಸರಿನಲ್ಲಿ ನಿಂತು ಮೈಲಿಗಟ್ಟಲೆ ಅಗೆದ ದೃಶ್ಯ ಕಣ್ಣಿಗೆ ಕಟ್ಟುತ್ತದೆ. ತೋಡಿದವರು ಬೌಸರ್‌ಗಳು, ನನ್ನ ಮನೆತನದ ಹಿರಿಯರು, ಗುಲಾಮರಾಗಿ ಮಾರಾಟವಾಗಿ ಇಲ್ಲಿಗೆ ಬಂದವರು. ತಪ್ಪಿಸಿಕೊಂಡ ಕೆಲವರು ಇದೇ ಜೌಗಿನೊಳಗೆ, ಕರಡಿ ಮಲಗುವ ದಿಬ್ಬಗಳ ಮೇಲೆಯೇ ಮಲಗಿದರು. ಕಲ್ಲಿನ ಮೇಲೆ ಅವರಿಗೆ ಜಾಗ ಸಾಲಲಿಲ್ಲ. ಕಲ್ಲು ಚಿಕ್ಕದು, ಒಪ್ಪುತ್ತೇನೆ.

ಆ ಕಾಲುವೆಗೆ ಒಂದು ತೂಬಿದೆ. ತೂಬಿನ ಸೀಳಿಗೆ ಹಲಗೆ ಇಳಿಸಿದರೆ ಜೌಗಿನಲ್ಲಿ ನೀರು ಏರುತ್ತದೆ, ಎತ್ತಿದರೆ ಇಳಿಯುತ್ತದೆ. ಹಲಗೆಯ ಮಾತನ್ನು ನಮ್ಮಲ್ಲಿ ಎಂದೂ ಬರೆಯುವುದಿಲ್ಲ. ಅತಿಥಿಗಳಿಗೆ ಇದು ವಿಚಿತ್ರವೆನಿಸಬಹುದು. ಹಿಂದೆ ಮೇಲಿನ ಹೊಲದವರೂ ಕೆಳಗಿನ ಹೊಲದವರೂ ನೀರಿಗಾಗಿ ಕೋರ್ಟು ಹತ್ತಿ, ಕಾಗದ ತೋರಿಸಿ ತೋರಿಸಿ ಇಬ್ಬರೂ ಹಾಳಾದರು. ಅಂದಿನಿಂದ ಕಾಗದ ನಿಂತಿತು. ಮಂಡಳಿಯ ಅಧ್ಯಕ್ಷರು ನಾಲ್ಕು ಜನರ ಎದುರು, ಚರ್ಚಿನ ಅಂಗಳದಲ್ಲೋ ಊಟದ ಮೇಜಿನಲ್ಲೋ, ತೂಬಿನವನಿಗೆ ಬಾಯಲ್ಲಿ ಹೇಳಬೇಕು. ತೂಬಿನವನು ಹಲಗೆ ಹಾಕಬೇಕು. ಕೇಳಿಸಿಕೊಂಡ ನಾಲ್ಕು ಜನರೇ ಸಾಕ್ಷಿ. ನಾವು ಪರಸ್ಪರರನ್ನು ಅಷ್ಟು ನಂಬಿದ್ದೆವು. ಇನ್ನೊಂದು ರೂಢಿಯೂ ಇತ್ತು: ಸುಗ್ಗಿ ಮುಗಿದ ಮೇಲೆ ಎತ್ತಿದ ಹಲಗೆಯನ್ನು ವಸಂತದಲ್ಲಿ ಗಮ್ ಮರ ಚಿಗುರುವವರೆಗೂ ಹಾಕುವಂತಿಲ್ಲ. ಏಕೆಂದು ಯಾರೂ ಕೇಳಿರಲಿಲ್ಲ. ಕಾರಣ ಮರೆತ ಮೇಲೂ ರೂಢಿ ಕರಡಿಗಳನ್ನು ಕಾಪಾಡಿಕೊಂಡು ಬಂದಿತ್ತು.

ಹೀಗಿರುವಾಗ, ನಮ್ಮೂರಿಗೆ ಪ್ರಗತಿ ಬಂತು. ಜೂನ್ ತಿಂಗಳ ಈ ಕರಡಿ ಹಬ್ಬ ಒಂದು ದಿನದಲ್ಲಿ ಮುಗಿದುಹೋಗುತ್ತದೆ, ಚಳಿಗಾಲದಲ್ಲೂ ಜನ ಬರಬೇಕು ಎಂದು ಹಬ್ಬದ ಸಮಿತಿಗೆ ಹೊಳೆಯಿತು. ಪ್ರೇಮಿಗಳ ದಿನಕ್ಕೆ ಸರಿಯಾಗಿ 'ನಿದ್ದೆ ಕರಡಿ ದೋಣಿ ವಿಹಾರ' ಹುಟ್ಟಿತು. ಗಂಡ ಹೆಂಡತಿ ಒಂದೇ ಕಂಬಳಿ ಹೊದ್ದು ದೋಣಿಯಲ್ಲಿ ಕುಳಿತು, ಪೊಟರೆಯಲ್ಲಿ ನಿದ್ರಿಸುವ ಕರಡಿಯನ್ನು ನೋಡಿ, ಬಿಸಿ ಚಾಕೊಲೇಟ್ ಕುಡಿದು ಮನೆಗೆ ಹೋಗುವುದು. ಪೊಟರೆಯ ಮರವಿರಲಿಲ್ಲ. ಸಿಮೆಂಟಿನಲ್ಲಿ ಒಂದನ್ನು ಕಟ್ಟಿಸಿದರು. ಪೊಟರೆಯಲ್ಲಿ ಮಲಗುವ ಕರಡಿಯಿರಲಿಲ್ಲ. ಹತ್ತಿ ತುಂಬಿದ ಒಂದನ್ನು ತರಿಸಿ, ಹೊಟ್ಟೆಯೊಳಗೆ ಗೊರಕೆಯ ಯಂತ್ರ ಇಟ್ಟರು. ಅದರ ಗೊರಕೆ ನಮ್ಮ ಪುರಸಭೆಯ ಗುಮಾಸ್ತರ ಗೊರಕೆಯನ್ನು ಹಿಡಿದು ಇಟ್ಟದ್ದೆಂದು ಹೇಳುತ್ತಾರೆ, ನಾನು ವಿಚಾರಿಸಿಲ್ಲ. ಎಲ್ಲವೂ ಆಯಿತು. ಒಂದೇ ಕೊರತೆ: ಫೆಬ್ರವರಿಯಲ್ಲಿ ಜೌಗಿನಲ್ಲಿ ದೋಣಿ ತೇಲುವಷ್ಟು ನೀರಿರಲಿಲ್ಲ.

ಸಭಿಕರೇ, ಹತ್ತಿಯ ಕರಡಿಯನ್ನು ತೋರಿಸಲಿಕ್ಕಾಗಿ ನಿಜವಾದ ಕರಡಿಯ ಹಾಸಿಗೆಗೆ ನೀರು ಬಿಡುವ ಊರು ಈ ಭೂಮಿಯ ಮೇಲೆ ಇನ್ನೊಂದಿದ್ದರೆ ನನಗೆ ತಿಳಿಸಿ. ಆ ಊರಿಗೂ ಒಂದು ಬಿರುದು ಕೊಡೋಣ.

ಯಾರೂ ಕೆಟ್ಟವರಲ್ಲ. ಅದನ್ನೂ ಹೇಳಿಬಿಡುತ್ತೇನೆ. ನೀರು ಏರಿದರೆ ಕರಡಿಗೇನು, ಅದು ಮರದ ಮೇಲಿರುತ್ತದೆ ಎಂದು ಪ್ರಾಮಾಣಿಕವಾಗಿ ನಂಬಿದ್ದರು. ಲಾಂಛನದಲ್ಲಿ ಕೆಳಗೆ ನೀರು, ಮೇಲೆ ಕರಡಿ. ಅದನ್ನು ನೋಡಿಕೊಂಡೇ ಬೆಳೆದವರು. ಅಷ್ಟೇ ಆಗಿದ್ದರೆ, ತಪ್ಪು ತಿಳಿವಳಿಕೆ, ಮುಂದೆ ಹೀಗಾಗದಿರಲಿ ಎಂದು ನಾನೂ ತಲೆಗೆ ಎರಡು ಕಿವಿ ಕಟ್ಟಿಕೊಂಡು ನಿಮ್ಮ ಜೊತೆ ಕುಳಿತಿರುತ್ತಿದ್ದೆ.

ಆದರೆ ಆಮೇಲೆ ನಡೆದದ್ದು ಬೇರೆ.

ಮರಿಗಳು ಸತ್ತದ್ದು ಗೊತ್ತಾದದ್ದು ವಿಹಾರದ ಮೊದಲನೆಯ ದೋಣಿಯವರಿಗೆ. ಒಂದು ಬೇರಿನ ಗುಪ್ಪೆಯ ಮೇಲೆ ಏನೋ ಕೂಸಿನ ಹಾಗೆ ಅಳುತ್ತಿತ್ತು. ಸುತ್ತ ನೀರು. ಕೊಂಬೆಗಳ ಹಾಸಿಗೆ ತೇಲುತ್ತಿತ್ತು, ಅದರ ಜೊತೆ ಎರಡು ಮರಿಗಳೂ ತೇಲುತ್ತಿದ್ದವು. ಪಕ್ಕದ ಪೊದೆಯಲ್ಲಿ ತಾಯಿ ಈಜಿ ಈಜಿ ಸುತ್ತುತ್ತಿತ್ತಂತೆ. ದೋಣಿಯ ಮೋಟಾರಿಗೆ ಬೆದರಿ ಓಡಿತು, ಮತ್ತೆ ಬರಲಿಲ್ಲ. ಆ ದೋಣಿಯಲ್ಲಿದ್ದ ಹೊಸ ದಂಪತಿ ನಮ್ಮೂರಿಗೆ ಮತ್ತೆ ಬರಲಾರರು. ಬದುಕಿದ ಮರಿಯನ್ನು ದಡಕ್ಕೆ ತಂದರು. ವನ್ಯಜೀವಿ ಇಲಾಖೆಯವರು ಬರುವಷ್ಟರಲ್ಲಿ ಟೆಲಿವಿಷನ್‌ನವರು ಬಂದರು. ಕಾರ್ಲ್ಟನ್ ಅವರು ಬಂದರು. ಬಾಟಲಿ ಬಂತು. ಆ ಫೋಟೋ ನೀವೆಲ್ಲ ನೋಡಿದ್ದೀರಿ. ಇಲ್ಲಿ ವೇದಿಕೆಯ ಮೇಲೆ ಬಾಗಿಲಿನಷ್ಟು ದೊಡ್ಡದು ಮಾಡಿ ನಿಲ್ಲಿಸಿದ್ದೀರಿ. ಇಲಾಖೆಯವರು ಮರಿಯನ್ನು ಒಯ್ದು ಬೇರೆ ಜಿಲ್ಲೆಯ ಬೇರೆ ತಾಯಿ ಕರಡಿಯ ಮಡಿಲಿಗೆ ಸೇರಿಸಿದರು. ಆ ತಾಯಿಗೆ ಯಾವ ಬಿರುದನ್ನೂ ಕೊಡಲಿಲ್ಲವಂತೆ. ಅದು ಸುಮ್ಮನೆ ಹಾಲೂಡಿಸಿತು.

ಪತ್ರಿಕೆಯವರು ಕೇಳಿದರು: ಫೆಬ್ರವರಿಯಲ್ಲಿ ಹಲಗೆ ಹಾಕಿದ್ದು ಯಾರು? ಮಂಡಳಿ ವಿಚಾರಣೆ ನಡೆಸಿತು. ತೂಬಿನವನನ್ನು ಒಳಗೆ ಕರೆಯಲಿಲ್ಲ. ಯಾರೂ ಹೇಳದೆ ತೂಬಿನವನು ತಾನಾಗಿಯೇ ಹಲಗೆ ಹಾಕಿದ್ದಾನೆ, ವಯಸ್ಸಾಗಿದೆ, ನೆನಪು ಕೈಕೊಡುತ್ತಿದೆ, ಅವನ ಮೇಲೆ ಮೊಕದ್ದಮೆ ಹೂಡದೆ ಕರುಣೆಯಿಂದ ಮನೆಗೆ ಕಳಿಸಲಾಗಿದೆ ಎಂದು ಹೇಳಿಕೆ ಬಂತು.

ಆ ತೂಬಿನವನು ಥರ್ಮನ್ ಬೌಸರ್. ನನ್ನ ತಮ್ಮ. ಅವನ ವಿಷಯ ಮಾತನಾಡಲು ಬಂದಿಲ್ಲ ಎಂದೆ. ಆದರೂ ಬಾಯಿಗೆ ಬಂತು, ಕ್ಷಮಿಸಿ.

ಅವನು ಜಾಣನೆಂದು ನಾನು ಹೇಳಿಕೊಳ್ಳುವುದಿಲ್ಲ. ನನ್ನ ಕ್ಲಾಸಿನಲ್ಲಿ ಅವನೂ ಪೊಟರೆ ಎಂದೇ ಬರೆದವನು, ಅಕ್ಕನ ಕೈಯಲ್ಲಿ ಸೊನ್ನೆ ತೆಗೆದುಕೊಂಡವನು. ಸೋಮಾರಿ. ಮೀನು ಹುರಿದರೆ ಬಾಣಲೆ ತೊಳೆಯುವುದಿಲ್ಲ. ಆದರೆ ಹೇಳದ ಕೆಲಸವನ್ನು ತಾನಾಗಿ ಮಾಡುವವನು ಮಾತ್ರ ಅಲ್ಲವೇ ಅಲ್ಲ. ವರ್ಷಗಳಿಂದ ಕಿತ್ತುಕೊಂಡೇ ಇರುವ ನಮ್ಮ ಮನೆಯ ಹಿತ್ತಲ ಬಾಗಿಲಿನ ತಿರುಗಣಿ ಅದಕ್ಕೆ ಸಾಕ್ಷಿ. ಚಳಿಯಲ್ಲಿ ನೀರಿಗಿಳಿದು ತೂಬಿಗೆ ಹಲಗೆ ಇಳಿಸುವ ಉತ್ಸಾಹ ಆ ಮನುಷ್ಯನಿಗೆ ಒಳಗಿನಿಂದಲೇ ಉಕ್ಕಿತು ಎಂದು ಹೇಳಿದವರು ಅವನನ್ನು ನೋಡಿಯೇ ಇಲ್ಲ.

ಹಾಗಾದರೆ ಯಾರು ಹೇಳಿದರು?

ವಿಹಾರಕ್ಕೆ ಮೊದಲಿನ ಶನಿವಾರ ಅಗ್ನಿಶಾಮಕ ದಳದ ಸಹಾಯಾರ್ಥ ಪ್ಯಾನ್‌ಕೇಕ್ ಉಪಾಹಾರವಿತ್ತು. ಇದೇ ಸಭಾಂಗಣ. ಇವೇ ಮಡಚುವ ಮೇಜುಗಳು. ನಾನು ಕಾಫಿ ಬಗ್ಗಿಸುತ್ತಾ ಓಡಾಡುತ್ತಿದ್ದೆ. ಥರ್ಮನ್ ಆ ಬಾಗಿಲ ಹತ್ತಿರ ಕುಳಿತಿದ್ದ. ಕಾರ್ಲ್ಟನ್ ಅವರು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಲ್ಲಿಂದಲೇ ಕೂಗಿ ಹೇಳಿದರು.

"ಥರ್ಮನ್, ಜೌಗಿಗೆ ನೀರು ಬೇಕಪ್ಪ. ಸೋಮವಾರ ಹಲಗೆ ಎಲ್ಲ ಹಾಕ್ಬಿಡು."

"ಈಗ್ಲಾ ಸಾರ್? ನೀರು ಕೊರೀತದೆ. ಗಮ್ ಚಿಗುರ್ಲಿ, ಏಪ್ರಿಲ್‌ಗೆ ಹಾಕಣ."

"ಬಿಸಿಲು ಬರೋಗಂಟ ಕಾಯಕ್ಕೆ ನೀನೇನು ಕಪ್ಪೆನಾ?"

ಇಡೀ ಸಭಾಂಗಣ ನಕ್ಕಿತು. ಇಲ್ಲಿ, ಮುಂದಿನ ಸಾಲಿನಲ್ಲಿ ಕುಳಿತಿರುವವರು ನಕ್ಕಿರಿ. ಮೇಜು ಬಡಿದು ನಕ್ಕವರ ಅಂಗಿಯ ಮೇಲೆ ಪಾಕ ಚೆಲ್ಲಿತು. ಒದ್ದೆ ಬಟ್ಟೆ ತಂದುಕೊಟ್ಟವಳು ನಾನು. ಥರ್ಮನ್ ಕೂಡ ನಕ್ಕ. ಸೋಮವಾರ ಹೋಗಿ ಹಲಗೆ ಹಾಕಿದ.

ಈಗ ಕೇಳಿದರೆ ಯಾರಿಗೂ ನೆನಪಿಲ್ಲ. ನಾನು ಮಂಡಳಿಗೆ ಹೋಗಿ ಹೇಳಿದೆ. ಅಕ್ಕನ ಸಾಕ್ಷಿ ನಡೆಯುವುದಿಲ್ಲ ಎಂದರು. ಮನೆ ಮನೆಗೆ ಹೋಗಿ ಕೇಳಿದೆ. ಒಬ್ಬರು ಆ ದಿನ ಊರಲ್ಲಿರಲಿಲ್ಲ ಎಂದರು. ಅವರೇ ಪ್ಯಾನ್‌ಕೇಕ್ ಹುಯ್ದವರು. ಇನ್ನೊಬ್ಬರು, "ಹೋಗ್ಲಿ ಬಿಡಿ ಮಿಸ್ ಲೂವೀನಿಯಾ, ಕೆಲಸ ಹೋದ್ರೇನೀಗ, ಅವ್ನಿಗೂ ರೆಸ್ಟ್ ಬೇಕಲ್ವಾ" ಎಂದರು. ಹಬ್ಬ ಹತ್ತಿರ ಬಂತು, ಕಾರ್ಲ್ಟನ್ ಅವರ ಟ್ರ್ಯಾಕ್ಟರ್ ಅಂಗಡಿಯಲ್ಲಿ ಅರ್ಧ ಊರಿಗೆ ಕೆಲಸವಿದೆ. ನನಗೂ ಅರ್ಥವಾಗುತ್ತದೆ.

ಆದರೆ ನಿಮ್ಮ ಕರುಣೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಹೇಳಿಕೆ ಬಂದ ವಾರದಿಂದ ನಮ್ಮ ಮನೆಗೆ ಊಟ ಬರತೊಡಗಿತು. ಕೋಳಿ ಹಾಕಿದ ಅನ್ನ, ಗೆಣಸಿನ ಕಡುಬು, ಬೆಣ್ಣೆ ಸವರಿದ ಜೋಳದ ಬ್ರೆಡ್ಡು, ಎಲ್ಲವೂ ಮೇಲೆ ಬಟ್ಟೆ ಮುಚ್ಚಿ. ನಮ್ಮಲ್ಲಿ ಬಾಗಿಲಿಗೆ ಹಾಗೆ ಊಟ ಬರುವುದು ಸಾವಾದ ಮನೆಗೆ. ಥರ್ಮನ್ ಮೊದಲನೆಯ ದಿನ ಸಂತೋಷದಿಂದ ತಿಂದ. ಎರಡನೆಯ ವಾರ ಬಾಗಿಲು ತೆರೆಯಲಿಲ್ಲ. ಭಾನುವಾರ ಚರ್ಚಿಗೆ ಬರುವುದು ಬಿಟ್ಟ. ಬೀದಿಯಲ್ಲಿ ಸಿಕ್ಕವರು ಅವನೊಂದಿಗೆ ಗಟ್ಟಿಯಾಗಿ, ನಿಧಾನವಾಗಿ, ಕೂಸಿಗೆ ಹೇಳಿದ ಹಾಗೆ ಮಾತನಾಡುತ್ತಿದ್ದರು. ಅವನು ನಕ್ಕು ತಲೆಯಾಡಿಸುತ್ತಿದ್ದ. ಮನೆಗೆ ಬಂದು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ಕೂರುತ್ತಿದ್ದ.

ಹೋದ ತಿಂಗಳು ಒಂದು ಬೆಳಿಗ್ಗೆ ತಿಂಡಿ ತಿನ್ನುವಾಗ ನನ್ನನ್ನು ಕೇಳಿದ. "ಅಕ್ಕ, ನಂಗೆ ಯಾರೂ ಹೇಳ್ಲಿಲ್ವೇನೋ. ನಾನೇ ಹಾಕ್ಬಿಟ್ನೇನೋ."

"ಹೇಳಿದ್ರು. ನಾನೇ ಕೇಳಿಸ್ಕೊಂಡಿದೀನಿ" ಎಂದೆ.

"ನೀನು ನನ್ನಕ್ಕ. ನೀನು ಹಂಗೇ ಹೇಳ್ತೀಯ. ಇಷ್ಟು ಜನ ಸುಳ್ಳು ಹೇಳ್ತಾರಾ?"

ಅವನು ಮರಿಗಳ ಬಗ್ಗೆ ಕೇಳುತ್ತಾನೆ. ಅವು ಎಷ್ಟು ದೊಡ್ಡವಿದ್ದವು, ಕಣ್ಣು ಬಿಟ್ಟಿದ್ದವಾ ಎಂದು. ನಾನು ವಿಜ್ಞಾನದ ಟೀಚರು, ನನಗೆ ಉತ್ತರ ಗೊತ್ತು. ಹೇಳುವುದಿಲ್ಲ. ಊರಿಗೆಲ್ಲ ಪಾಠ ಹೇಳಿದ ನಾನು ನನ್ನ ಅಡಿಗೆಮನೆಯಲ್ಲಿ ಬಾಯಿ ಮುಚ್ಚಿಕೊಂಡು ಪಾತ್ರೆ ತೊಳೆಯುತ್ತೇನೆ. ಈ ಮಾತು ಭಾಷಣದಲ್ಲಿ ಇರಲಿಲ್ಲ. ಇರಲಿ.

ಒಬ್ಬ ಮನುಷ್ಯನ ಕೆಲಸ ತೆಗೆಯಬಹುದು, ಅವನು ಇನ್ನೊಂದು ಕೆಲಸ ಹುಡುಕುತ್ತಾನೆ ಅಥವಾ ಮೀನು ಹಿಡಿಯುತ್ತಾನೆ. ಅವನ ಕಿವಿಯಾರೆ ಕೇಳಿದ ಮಾತನ್ನೇ ಅವನಿಂದ ಕಿತ್ತುಕೊಂಡರೆ ಅವನು ಎಲ್ಲಿ ಹೋಗಿ ಹುಡುಕಬೇಕು? ನಮ್ಮಲ್ಲಿ ಕಾಗದವಿಲ್ಲ. ನಾವು ಕೇಳಿಸಿಕೊಂಡದ್ದೇ ನಮ್ಮ ಕಾಗದ. ಅದನ್ನು ನೀವೆಲ್ಲ ಸೇರಿ ಹರಿದುಹಾಕಿದ್ದೀರಿ, ಅದೂ ಎಷ್ಟು ಮೃದುವಾಗಿ, ಗೆಣಸಿನ ಕಡುಬಿನ ಜೊತೆ.

ಕಾರ್ಲ್ಟನ್ ಅವರೇ, ನಿಮ್ಮನ್ನು ನಾನು ಕೊಲೆಗಾರ ಎನ್ನುತ್ತಿಲ್ಲ. ಹಲಗೆ ಹಾಕಿಸಿದ್ದು ನಿಮ್ಮ ಅಜ್ಞಾನ. ಅಜ್ಞಾನಕ್ಕೆ ನನ್ನ ಕ್ಲಾಸಿನಲ್ಲಿ ಶಿಕ್ಷೆ ಇರಲಿಲ್ಲ, ಇನ್ನೊಮ್ಮೆ ಪರೀಕ್ಷೆ ಮಾತ್ರ ಇತ್ತು. ಆ ಪರೀಕ್ಷೆ ಇವತ್ತಿಗೆ ಬಿದ್ದಿದೆ. ನಿಮ್ಮ ಬಿರುದನ್ನು ಬೇಕಾದರೆ ಇಟ್ಟುಕೊಳ್ಳಿ, ಶಾಲು ಹೊದ್ದುಕೊಳ್ಳಿ, ಫೋಟೋ ಮನೆಗೆ ಒಯ್ಯಿರಿ. ನನ್ನ ತಮ್ಮನಿಗೆ ಕೆಲಸ ವಾಪಸು ಬೇಡ. ಆ ಚಳಿನೀರಿಗೆ ಮತ್ತೆ ಇಳಿಯಲು ನಾನೇ ಬಿಡುವುದಿಲ್ಲ.

ಥರ್ಮನ್ ಒಳಗೆ ಬರಲು ಒಪ್ಪಲಿಲ್ಲ. ಹೊರಗೆ, ಮೈದಾನದ ಅಂಚಿನಲ್ಲಿ, ನನ್ನ ಟ್ರಕ್ಕಿನಲ್ಲಿ ಕಿಟಕಿ ಇಳಿಸಿಕೊಂಡು ಕುಳಿತಿದ್ದಾನೆ. ಹಬ್ಬಕ್ಕೆಂದು ನೀವು ಹೊರಗೂ ಧ್ವನಿವರ್ಧಕ ಹಾಕಿಸಿದ್ದೀರಿ, ಅದಕ್ಕಾಗಿ ಸಮಿತಿಗೆ ನಾನು ಆಭಾರಿ. ನನ್ನ ಧ್ವನಿ ಅವನಿಗೆ ಸಾಕಾಗಿದೆ. ಬೇರೆಯವರದು ಬೇಕು.

ಇಷ್ಟು ಹೊತ್ತು, ಊಟ ಆರುತ್ತಿದ್ದರೂ, ತಾಳ್ಮೆಯಿಂದ ಕೂತು ಕೇಳಿದ ಎಲ್ಲರಿಗೂ ಕೃತಜ್ಞತೆಗಳು. ಮಾತಿಗೆ ಅವಕಾಶ ಕೊಟ್ಟು ಈಗ ಪಶ್ಚಾತ್ತಾಪಪಡುತ್ತಿರುವ ಸಭಾಧ್ಯಕ್ಷರಿಗೆ ವಿಶೇಷ ಕೃತಜ್ಞತೆ. ನಿಮಗೆಲ್ಲ ನನ್ನ ನಮಸ್ಕಾರ. ಮೈಕನ್ನು ಆರಿಸದೆ ಇಲ್ಲೇ ಬಿಟ್ಟು ಕೂರುತ್ತೇನೆ. ಫೆಬ್ರವರಿಯಲ್ಲಿ ಜೌಗಿಗೆ ನೀರು ಏರಿಸು ಎಂದು ಥರ್ಮನ್ ಬೌಸರ್‌ಗೆ ಹೇಳಿದ್ದು ಯಾರು? ಹೇಳಿದವರು ಎದ್ದು ಹೇಳಿ. ಅವರು ಏಳದಿದ್ದರೆ, ಕೇಳಿಸಿಕೊಂಡು ನಕ್ಕವರು ಯಾರಾದರೂ ಎದ್ದು ಹೇಳಿ.